ಶಾಲಿಗೆ ಸಿಕ್ಕಿದ ಮೂಳೆಯ ಗುಂಡಿ

ಬಹರೈನಿಗೆ ಬಂದ ಮೇಲೆ ಚಳಿಗೆ ಶಾಲು ಹೊದೆಯುವುದನ್ನು ಕಲಿತೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ, ಒಳಗೆ ಏಸಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತದೆ. ನಾನು ಕೆಲಸ ಮಾಡುವುದು ಅದ್ಲಿಯಾದ ಒಂದು ಹಳೆಯ ವಿಲ್ಲಾದಲ್ಲಿ. ಅದರ ಒಡತಿ, ಇಲ್ಲಿಯವರೇ ಆದ ಒಬ್ಬ ಹೆಂಗಸು, ಅದನ್ನು ಗ್ಯಾಲರಿ ಮಾಡಿಕೊಂಡಿದ್ದಾರೆ. ಬೇರೆ ಬೇರೆ ದೇಶಗಳಿಂದ ಬರುವ ವಸ್ತುಗಳನ್ನು ಪೆಟ್ಟಿಗೆಯಿಂದ ತೆಗೆದು, ಫೋಟೋದ ಜೊತೆ ಹೋಲಿಸಿ, ಎಲ್ಲಿ ಸೀಳಿದೆ, ಎಲ್ಲಿ ಸವೆದಿದೆ ಎಂದು ನೋಡಿ ಜೋಡಿಸಿಡುವುದು ನನ್ನ ಕೆಲಸ. ಹಳೆಯ ವಸ್ತುಗಳಿಗೆ ಒಂದೇ ಹದದ ತಂಪು ಬೇಕು, ಮನುಷ್ಯರ ಮೂಗು ಸೋರಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಅತ್ತೆ ಹೆಣೆದು ಕೊಟ್ಟ ಶಾಲು ಯಾವಾಗಲೂ ನನ್ನ ಹೆಗಲ ಮೇಲೆ.

ಆ ಶಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅತ್ತೆ ಎಂದರೆ ನನ್ನ ಗಂಡನ ತಾಯಿ. ಉಡುಪಿ ಕಡೆಯವರು. ಮನೆಯಲ್ಲಿ ಸುಮ್ಮನೆ ಕುಳಿತರೆ ಅವರ ಕೈ ತುರಿಸುತ್ತದೆ, ಕ್ರೋಶಾ ಕಡ್ಡಿ ಹಿಡಿದರೆ ಮಾತ್ರ ಸಮಾಧಾನ. ಟೀವಿಯ ಮೇಲೆ ಹೊದಿಕೆ, ನೀರಿನ ಫಿಲ್ಟರಿನ ಮೇಲೆ ಹೊದಿಕೆ, ಗ್ಯಾಸ್ ಸಿಲಿಂಡರಿಗೂ ಒಂದು ಲಂಗ. ನನ್ನ ಶಾಲು ಬೂದು ಬಣ್ಣದ್ದು. ಅಂಚಿನ ಉದ್ದಕ್ಕೂ ಬೆರಳು ತೂರುವಷ್ಟು ದೊಡ್ಡ ಕುಣಿಕೆಗಳು. ಬಾಗಿಲ ಹಿಡಿಕೆಗೆ ಸಿಕ್ಕಿಕೊಂಡು ನನ್ನನ್ನು ಹಿಂದಕ್ಕೆ ಎಳೆಯದ ದಿನವೇ ಇರಲಿಲ್ಲ.

ಎರಡು ವರ್ಷದಿಂದ ಅತ್ತೆ ವಿಸಿಟ್ ವೀಸಾದಲ್ಲಿ ಮತ್ತೆ ಮತ್ತೆ ನಮ್ಮ ಉಮ್ ಅಲ್ ಹಸ್ಸಮ್‌ನ ಫ್ಲ್ಯಾಟಿಗೆ ಬರುತ್ತಿದ್ದದ್ದು ನನ್ನನ್ನು ನೋಡಿಕೊಳ್ಳಲು. ಎರಡು ಸಲ ನಾನು ಬಸುರಿಯಾಗಿದ್ದೆ. ಎರಡು ಸಲವೂ ಉಳಿಯಲಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಾರಣ ಏನೂ ಕಾಣುವುದಿಲ್ಲ, ಒಮ್ಮೊಮ್ಮೆ ಹೀಗಾಗುತ್ತದೆ ಎಂದರು. ನನಗೆ ಆ ಮಾತು ಕೇಳಿ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆಗೆ ಡಾಕ್ಟರ ಮಾತು ಅರ್ಥವೇ ಆಗಲಿಲ್ಲ.

“ಕಾರಣ ಇಲ್ಲದೆ ಎಂತದು ಆಗ್ತದೆ? ಹಾಲು ಒಡೆದ್ರೆ ಅದಕ್ಕೂ ಒಂದು ಕಾರಣ ಉಂಟಲ್ಲ” ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನನ್ನನ್ನು ಒಂದು ದಿನವೂ ದೂರಲಿಲ್ಲ. ಆದರೆ ಮನೆಯ ಮೂಲೆಮೂಲೆ ಹುಡುಕುವವರ ಹಾಗೆ ಕಾರಣ ಹುಡುಕುತ್ತಲೇ ಇದ್ದರು. ನಾನು ಗ್ಯಾಲರಿಗೆ ಓಡಿಹೋಗುತ್ತಿದ್ದದ್ದು ಅರ್ಧ ಕೆಲಸಕ್ಕೆ, ಅರ್ಧ ಆ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೆ.

ಆಗ ಬಂದದ್ದು ಹಿಮದ ನಾಡಿನ ಮೂಲನಿವಾಸಿಗಳ ಉಡುಪುಗಳ ಪ್ರದರ್ಶನ. ನಡುವಿನಲ್ಲಿ ನಿಲ್ಲಬೇಕಾಗಿದ್ದದ್ದು ಹಿಮಸಾರಂಗದ ಚರ್ಮದ ಒಂದು ಕೋಟು. ಅದಕ್ಕೆ ನಮ್ಮ ಅಂಗಿಯ ಹಾಗೆ ಗುಂಡಿ ಇರಲಿಲ್ಲ. ಅದೇ ಸಾರಂಗದ ಕಾಲಿನ ಮೂಳೆಯಿಂದ ಕೆತ್ತಿದ, ಕಿರುಬೆರಳಿನಷ್ಟು ಉದ್ದದ ಅಡ್ಡ ಗುಂಡಿಗಳು. ನಡುವಿನಲ್ಲಿ ಒಂದು ಕಚ್ಚು, ಆ ಕಚ್ಚಿಗೆ ಕಟ್ಟುವ ದಾರ. ಉದ್ದಕ್ಕೆ ಹಿಡಿದು ಎದುರಿನ ಕುಣಿಕೆಯೊಳಗೆ ತೂರಿಸಿಬಿಟ್ಟರೆ ಅದು ತಾನಾಗಿ ಅಡ್ಡ ತಿರುಗಿ ಕೂರುತ್ತದೆ. ಮತ್ತೆ ಬಿಚ್ಚಬೇಕೆಂದು ಬಿಚ್ಚಿದರೆ ಮಾತ್ರ ಬಿಚ್ಚುತ್ತದೆ. ಪ್ರತಿ ಗುಂಡಿಯ ಮೈಮೇಲೂ ಸಣ್ಣ ಸಣ್ಣ ಚುಕ್ಕೆ, ಗೀರು.

ಅವುಗಳನ್ನು ಕಳಿಸಿದ ದೊಡ್ಡ ಮ್ಯೂಸಿಯಂನಲ್ಲಿ ಕೋಟು ಒಂದು ಕಡೆ, ಗುಂಡಿಗಳು ಇನ್ನೊಂದು ಕಡೆ ಇದ್ದವಂತೆ. ಚರ್ಮ ಚರ್ಮದ ಕಪಾಟಿನಲ್ಲಿ, ಮೂಳೆ ಮೂಳೆಯ ಡ್ರಾಯರಿನಲ್ಲಿ. ಎಷ್ಟೋ ಕಾಲದಿಂದ ಅವು ಒಂದನ್ನೊಂದು ಮುಟ್ಟಿರಲಿಲ್ಲ. ನಮ್ಮಲ್ಲಿ ಅವನ್ನು ಒಟ್ಟಿಗೆ ಕಟ್ಟಲು ಆ ಜನರ ಪೈಕಿ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಕೋಟು ಅವರ ಅಜ್ಜಿಯದು. ಸಣ್ಣ ಆಳು, ನೆಟ್ಟಗಿನ ಬೆನ್ನು, ಕತ್ತರಿಸಿದ ಬಿಳಿ ಕೂದಲು. ಊರಿನಲ್ಲಿ ವಕೀಲಿ ಮಾಡಿದವರು. ಮಾತಿಗೆ ಮಾತು ಬೆಳೆಸುವವರಲ್ಲ. ಒಂದು ನೋಟದಲ್ಲಿ ಎದುರಿನವರ ಮಾತು ನಿಲ್ಲಿಸುವವರು. ನನಗೆ ಅವರನ್ನು ಕಂಡರೆ ಸ್ವಲ್ಪ ಹೆದರಿಕೆ, ಬಹಳ ಮೆಚ್ಚುಗೆ.

ಮೊದಲ ದಿನವೇ ಅವರು ನನಗೆ ವಿಷಯ ಹೇಳಿದರು. ಕೋಟನ್ನು ವಾಪಸ್ ಕೊಡಿ ಎಂದು ಅವರ ಊರು ಮ್ಯೂಸಿಯಂ ಬಾಗಿಲು ತಟ್ಟುತ್ತಾ ಬಂದದ್ದು ಅವರ ತಾಯಿಯ ಕಾಲದಿಂದ. ಕೊನೆಗೆ ಮ್ಯೂಸಿಯಂನವರು ಒಪ್ಪಿದ್ದಾರೆ. ಇದು ಕಡೆಯ ಪ್ರದರ್ಶನ. ಕೋಟು, ಗುಂಡಿಗಳು ಎಲ್ಲ ಯಾವ ಕುಂದೂ ಇಲ್ಲದೆ ಇಲ್ಲಿಂದ ಹೊರಟರೆ ನೇರ ಅವರ ಊರಿಗೆ. ಕುಂದು ಬಂದರೆ ಎಲ್ಲ ಮತ್ತೆ ಮೊದಲಿನಿಂದ.

“ನಮ್ಮಂಥವರ ಕೈಗೆ ಕೊಟ್ಟರೆ ಕಳೆದುಹಾಕುತ್ತೇವೆ ಎನ್ನುವುದೇ ಅವರ ವಾದ. ಆ ವಾದಕ್ಕೆ ಒಂದು ಸಾಕ್ಷಿ ಸಿಕ್ಕಿದರೆ ಸಾಕು ಅವರಿಗೆ” ಎಂದರು. ಆಮೇಲೆ ಗುಂಡಿಗಳ ಜೊತೆ ಬಂದ ವಿವರಣೆಯ ಕಾರ್ಡನ್ನು ಓದಿದರು. ಆ ಚುಕ್ಕೆಗಳು ಯಾವುದೋ ಮಂತ್ರಾಚರಣೆಗೆ ಸೇರಿದ್ದಿರಬಹುದು ಎಂದು ಅದರಲ್ಲಿ ಬರೆದಿತ್ತು. ಅವರು ಮೂಗಿನಲ್ಲಿ ಒಂದು ಸದ್ದು ಮಾಡಿ ಕಾರ್ಡನ್ನು ಬೋರಲು ಹಾಕಿದರು.

ಆ ಮಧ್ಯಾಹ್ನವೆಲ್ಲ ನಾನು ಗುಂಡಿಗಳ ತಟ್ಟೆಯ ಮೇಲೆ ಬಾಗಿ ಒಂದೊಂದನ್ನೇ ನೋಡಿ, ಸ್ಪಂಜಿನಲ್ಲಿ ಕೊರೆದ ಅದರದರ ಗುಳಿಗೆ ಮಲಗಿಸಿದೆ. ಕೈಗೆ ಗ್ಲೌಸು ಹಾಕಿದ್ದೆ, ಉಸಿರು ತಾಗಬಾರದೆಂದು ಮಾಸ್ಕೂ ಕಟ್ಟಿದ್ದೆ. ಹೆಗಲಿನ ಮೇಲೆ ಏನಿದೆ ಎಂದು ಮಾತ್ರ ಯೋಚಿಸಲಿಲ್ಲ. ಸಂಜೆ ಮತ್ತೊಮ್ಮೆ ಎಣಿಸದೆ ತಟ್ಟೆಗೆ ಮುಚ್ಚಳ ಹಾಕಿ ಮನೆಗೆ ಹೋದೆ. ಕುತ್ತಿಗೆ ನೋಯುತ್ತಿತ್ತು. ಶಾಲನ್ನು ಕುರ್ಚಿಗೆ ಎಸೆದು ಸ್ನಾನಕ್ಕೆ ನಡೆದೆ. ಬೆಳಿಗ್ಗೆ ಹೊರಡುವಾಗ ಶಾಲು ಅಲ್ಲಿ ಇರಲಿಲ್ಲ. ಅತ್ತೆ ಒಗೆಯಲು ಹಾಕಿರಬೇಕೆಂದು ಹಾಗೆಯೇ ಬಂದುಬಿಟ್ಟೆ.

ಗ್ಯಾಲರಿಯಲ್ಲಿ ಮುಚ್ಚಳ ತೆಗೆದರೆ ಒಂದು ಗುಳಿ ಖಾಲಿ.

ಮೊದಲು ನಾನು ಅದನ್ನು ನಂಬಲಿಲ್ಲ. ತಟ್ಟೆಯನ್ನು ಇನ್ನೊಂದು ಕಡೆಯಿಂದ ನೋಡಿದೆ. ಹಾಗೆ ನೋಡಿದರೆ ಕಾಣಿಸುತ್ತದೆ ಎಂಬಂತೆ. ಆಮೇಲೆ ನೆಲದಲ್ಲಿ ಮೊಣಕಾಲೂರಿ ಟಾರ್ಚು ಹಿಡಿದು ಮೇಜಿನಡಿ, ಕಪಾಟಿನಡಿ, ಬಾಗಿಲ ಸಂದು ನೋಡಿದೆ. ಕಸದ ಚೀಲ ಬಿಚ್ಚಿ ಬಟ್ಟೆಯ ಮೇಲೆ ಸುರಿದೆ. ಒಡತಿ ಬಂದು ನನ್ನ ಮುಖ ನೋಡಿಯೇ ಗೇಟು ಹಾಕಿಸಿದರು.

“ಸಂಜೆ ಮ್ಯೂಸಿಯಂನವರು ಬರುತ್ತಾರೆ, ಹಬೀಬ್ತಿ” ಎಂದರು, ಅರಬ್ಬಿಯಲ್ಲಿ ಪ್ರೀತಿಯಿಂದ ಕರೆಯುವ ಹಾಗೆ. ಮ್ಯೂಸಿಯಂನ ಪ್ರತಿನಿಧಿ ಪೆಟ್ಟಿಗೆಗಳ ಜೊತೆಗೇ ಬರಬೇಕಿತ್ತು, ವಿಮಾನ ತಪ್ಪಿ ಅವರು ಬರುವುದು ಆ ಸಂಜೆಗೆ ಹೋಗಿತ್ತು. ಬಂದವರೇ ಪ್ರತಿಯೊಂದು ವಸ್ತುವನ್ನೂ ಫೋಟೋದ ಜೊತೆ ಹೋಲಿಸಿ ನೋಡುವವರಿದ್ದರು. “ಅಷ್ಟರೊಳಗೆ ಹುಡುಕು. ಸಿಗದಿದ್ದರೆ ನಾನು ಮುಚ್ಚಿಡುವವಳಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.”

ನನಗೆ ಅವರ ಮೇಲೆ ಕೋಪವೇನೂ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕೆಲಸ ಹೋದರೆ ವೀಸಾ ಹೋಗುತ್ತದೆ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಆ ಯೋಚನೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆ ಹಿರಿಯರು ಬಾಗಿಲಲ್ಲಿ ನಿಂತಿದ್ದರು.

ನಾನು ಹೇಳಿದೆ. ಅವರು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕುರ್ಚಿ ಎಳೆದು ಆ ಖಾಲಿ ಗುಳಿಯ ಮುಂದೆ ಕುಳಿತರು. ಅವರ ತಾಯಿಯ ಕಾಲದಿಂದ ನಡೆದ ಇಡೀ ವ್ಯಾಜ್ಯ ಆ ಗುಳಿಯೊಳಗೆ ಬಿದ್ದುಹೋದದ್ದು ನನಗೆ ಕಾಣುತ್ತಿತ್ತು. ಆಮೇಲೆ ಕೇಳಿದರು, “ನಿನ್ನೆ ನೀನು ಏನು ತೊಟ್ಟಿದ್ದೆ?”

ಒಡತಿಯ ಫೋನಿನಲ್ಲಿ ಹಿಂದಿನ ದಿನ ತೆಗೆದ ಫೋಟೋ ಇತ್ತು. ನಾನು ತಟ್ಟೆಯ ಮೇಲೆ ಬಾಗಿದ್ದೇನೆ. ನನ್ನ ಶಾಲು ಹೆಗಲಿಂದ ಜಾರಿ ಅದರ ಅಂಚು ತಟ್ಟೆಯ ಮೇಲೆ ತೂಗುತ್ತಿದೆ. ಸಾಲಾಗಿ ಕುಣಿಕೆಗಳು. ಅವರು ಉಗುರಿನಿಂದ ಆ ಕುಣಿಕೆಗಳ ಮೇಲೆ ಒಮ್ಮೆ ತಟ್ಟಿದರು. ನಮಗೆ ಬೇರೆ ಮಾತು ಬೇಕಾಗಲಿಲ್ಲ. ಆ ಗುಂಡಿಯನ್ನು ಮಾಡಿದ್ದೇ ಕುಣಿಕೆಗೆ ತೂರಿ ಅಡ್ಡ ನಿಲ್ಲಲಿಕ್ಕೆ. ಅದು ತನ್ನ ಕೆಲಸ ತಾನು ಮಾಡಿತ್ತು.

ನನಗೆ ಹೋದ ಜೀವ ಬಂದ ಹಾಗಾಯಿತು. ಆಗಲೇ ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿದರು.

“ಅತ್ತೆ, ನನ್ನ ಶಾಲಿನಲ್ಲಿ ಎಂತಾದ್ರೂ ಸಿಕ್ಕಿತಾ?”

“ಎಂತ ಸಿಗ್ಲಿಕ್ಕೆ? ಎಂತದೂ ಇಲ್ಲ. ನೀನು ಕೆಲಸ ನೋಡು” ಎಂದವರೇ ಇಟ್ಟುಬಿಟ್ಟರು.

ಊಟ ಆಯಿತಾ ಎಂದು ಕೇಳಲಿಲ್ಲ. ಬೆಳಿಗ್ಗೆಯೋ ಮಧ್ಯಾಹ್ನವೋ, ಯಾವಾಗ ಫೋನು ಮಾಡಿದರೂ ಆ ಪ್ರಶ್ನೆ ಕೇಳದೆ ಅತ್ತೆ ಫೋನು ಇಟ್ಟವರಲ್ಲ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದ ಜೀವ ಮತ್ತೆ ಹೋಯಿತು. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಗಂಡನಿಗೆ ಮಾಡಿದೆ. ಅವನು ಸಿತ್ರಾದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು ಮಲಗಿರುವ ಹೊತ್ತು. ಫೋನನ್ನು ಸೈಲೆಂಟಿಗೆ ಹಾಕಿಯೇ ಮಲಗುವುದು.

ನಾನು ಕಾರಿನ ಕೀಲಿ ತೆಗೆದುಕೊಂಡೆ. ಆ ಹಿರಿಯರು ಏನೂ ಕೇಳದೆ ಬಂದು ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ನನ್ನನ್ನು ಒಬ್ಬಳೇ ಕಳಿಸುವ ಮನಸ್ಸು ಅವರಿಗಿರಲಿಲ್ಲ. ಅದ್ಲಿಯಾದಿಂದ ಉಮ್ ಅಲ್ ಹಸ್ಸಮ್ ಎಷ್ಟು ಮಹಾ ದೂರ? ಆ ದಿನ ಮಾತ್ರ ಪ್ರತಿ ಸಿಗ್ನಲ್ಲೂ ನನ್ನನ್ನೇ ಕಾದು ಕೆಂಪಾದ ಹಾಗಿತ್ತು. ಸ್ಟೀರಿಂಗ್ ಬಿಸಿಗೆ ಅಂಗೈ ಉರಿಯುತ್ತಿತ್ತು. ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

ಫ್ಲ್ಯಾಟಿನಲ್ಲಿ ಯಾರೂ ಇರಲಿಲ್ಲ. ಅತ್ತೆಯ ಫೋನು ಊಟದ ಮೇಜಿನ ಮೇಲಿತ್ತು. ಗಂಡನ ಫೋನು ಮಂಚದ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದು ಹಾಗೆಯೇ ಇತ್ತು. ಶಾಲನ್ನು ಒಗೆದು ಬಾಲ್ಕನಿಯಲ್ಲಿ ಒಣಗಲು ಹಾಕಿದ್ದರು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕತ್ತರಿಸಿದ ಲಿಂಬೆ, ಅದರ ಮೇಲೆ ಕುಂಕುಮ. ಪಕ್ಕದಲ್ಲಿ ಅರಶಿನದ ಬೆರಳಿನ ಗುರುತು. ಹಳೆಯ ಬಿಳಿ ಪಂಚೆಯಿಂದ ಹರಿದ ಒಂದು ತುಂಡು ಬಟ್ಟೆ.

ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗೆ ಮೂಳೆ ಸಿಕ್ಕಿದೆ. ಅದರ ಮೇಲೆ ಯಾರೋ ಗೀರು ಹಾಕಿ ಚುಕ್ಕೆ ಇಟ್ಟಿದ್ದಾರೆ. ಅದೂ ಸೊಸೆಯ ಬಟ್ಟೆಗೆ ಸಿಕ್ಕಿಸಿದ್ದಾರೆ. ಮಾಟ, ಇನ್ನೇನು? ಮಾಟ ಮಾಡಿದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಸುಡಬಾರದು. ಯಾರಿಗೆ ಮಾಡಿದ್ದೋ ಅವರಿಗೆ ಹೇಳಬಾರದು, ತೋರಿಸಲೂಬಾರದು. ಲಿಂಬೆ ನಿವಾಳಿಸಿ, ಅರಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಕಡಲಿಗೆ ಬಿಡಬೇಕು. ಅಷ್ಟೆ. ಎರಡು ವರ್ಷದಿಂದ ಹುಡುಕುತ್ತಿದ್ದ ಕಾರಣ ಅತ್ತೆಯ ಕೈಗೆ ಸಿಕ್ಕಿತ್ತು.

ಸುತ್ತ ಕಡಲಿರುವ ದ್ವೀಪದಲ್ಲಿ ಎಲ್ಲಿ ಹುಡುಕುವುದು? ನನ್ನ ಗಂಡನಿಗೆ ಗೊತ್ತಿರುವುದು ಒಂದೇ ಕಡಲ ದಂಡೆ. ರಜೆಯ ದಿನ ಗಾಳ ಹಾಕಲು ಹೋಗುವ ಸಿತ್ರಾದ ಜಾಗ. ಕಾರನ್ನು ಅತ್ತ ತಿರುಗಿಸಿದೆ. ದಾರಿಯಲ್ಲಿ ನಾನು ಆ ಹಿರಿಯರಿಗೆ ಎಲ್ಲ ಹೇಳಬೇಕಾಯಿತು. ನಾಚಿಕೆ ಎನಿಸಿತು. ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ನೂ ಮೂರ್ಖತನದ ಹಾಗೆ ಕೇಳಿಸುತ್ತಿತ್ತು. ಮಗುವಿನ ವಿಷಯ ಮಾತ್ರ ಬಿಟ್ಟೆ.

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. “ನಿಮ್ಮ ಅತ್ತೆಯೂ ಆ ಮ್ಯೂಸಿಯಂನವರೂ ಒಟ್ಟಿಗೆ ಕೂತು ಆ ಕಾರ್ಡು ಬರೆದ ಹಾಗಿದೆ” ಎಂದರು. ನಗುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಸೇತುವೆ ದಾಟುವಾಗ ಅವರ ಮುಷ್ಟಿ ಮಡಿಲಲ್ಲಿ ಬಿಗಿಯಾಗಿತ್ತು.

ಸಿತ್ರಾದಲ್ಲಿ ನಮ್ಮ ಇನ್ನೊಂದು ಕಾರು ದಂಡೆಯಲ್ಲಿ ನಿಂತಿತ್ತು. ಅದರ ನೆರಳಿನಲ್ಲಿ ನನ್ನ ಗಂಡ, ಪ್ಯಾಂಟು ಮಡಚಿಕೊಂಡು, ನಿದ್ದೆಗಣ್ಣಿನಲ್ಲಿ.

“ಅಮ್ಮ ಎಲ್ಲಿ?”

“ಕಡಲು ನೋಡ್ಬೇಕು ಅಂತ ಒಂದೇ ಹಟ ಮಾರಾಯ್ತಿ, ಕರ್ಕೊಂಡು ಬಂದೆ. ಈಗ ನೋಡಿದ್ರೆ ಇಳಿತ. ನೀನು ಬರ್ಬೇಡ ಅಂತ ನನ್ನನ್ನು ಇಲ್ಲೇ ನಿಲ್ಸಿ ಹೋಗಿದ್ದಾರೆ” ಎಂದು ಕೈ ತೋರಿಸಿದ.

ಇಳಿತದ ಹೊತ್ತಿನಲ್ಲಿ ಅಲ್ಲಿನ ಕಡಲು ದಂಡೆ ಬಿಟ್ಟು ಎಲ್ಲಿಗೋ ಹೋಗಿರುತ್ತದೆ. ಕಣ್ಣು ಹೋದಷ್ಟು ದೂರ ಬೂದು ಕೆಸರು, ಪಾಚಿ, ಒಂದು ಬದಿಗೆ ವಾಲಿ ಬಿದ್ದ ದೋಣಿಗಳು. ಆ ಕೆಸರಿನ ನಡುವೆ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಅತ್ತೆ ಸಮುದ್ರವನ್ನು ಹುಡುಕಿಕೊಂಡು ಹೊರಟಿದ್ದರು. ದೂರದಲ್ಲಿ ಒಂದು ಗೆರೆಯಂತೆ ನೀರು ಹೊಳೆಯುತ್ತಿತ್ತು. ಅವರು ಅದಕ್ಕೆ ಹತ್ತಿರವಾಗಿದ್ದರು.

“ಅತ್ತೇ!” ಎಂದು ಕಿರುಚಿದೆ. ಅವರು ತಿರುಗಿ ನೋಡಿದರು. ನೋಡಿದವರೇ ಇನ್ನೂ ಬೇಗ ನಡೆಯತೊಡಗಿದರು. ಆಗ ನನ್ನ ತಪ್ಪು ಗೊತ್ತಾಯಿತು. ಮಾಟ ಯಾರಿಗೋ ಅವರೇ ಹಿಂದೆ ಓಡಿ ಬಂದರೆ ಯಾರು ನಿಲ್ಲುತ್ತಾರೆ? ನಾನು ಕೂಗಿದಷ್ಟೂ ಅವರು ಓಡುತ್ತಿದ್ದರು. ಕೂಗುವುದನ್ನು ಬಿಟ್ಟು ಕೆಸರಿಗೆ ಇಳಿದೆ. ಚಪ್ಪಲಿ ಎರಡು ಹೆಜ್ಜೆಗೆ ಹೂತುಹೋಯಿತು. ಬರಿಗಾಲಿನಲ್ಲಿ, ಚಿಪ್ಪುಗಳು ಅಂಗಾಲು ಕೊರೆಯುತ್ತಿದ್ದ ಹಾಗೆಯೇ, ಬಿದ್ದು ಎದ್ದು ಹೋದೆ. ಅತ್ತೆಯ ಕೈ ಮೇಲೆದ್ದದ್ದು ಕಾಣಿಸಿತು. ಕೈ ಹಾಗೆಯೇ ಇದ್ದು, ಮತ್ತೆ ಇಳಿಯಿತು. ಅವರು ಇನ್ನಷ್ಟು ಮುಂದಕ್ಕೆ ನಡೆದರು.

ನಾನು ಹತ್ತಿರ ಹೋದಾಗ ನೀರು ಅವರ ಪಾದ ಮುಳುಗುವಷ್ಟೂ ಇರಲಿಲ್ಲ.

“ಹತ್ತಿರ ಬರ್ಬೇಡ! ನೀನು ನೋಡ್ಬಾರ್ದು ಇದನ್ನು!” ಎಂದು ಬಟ್ಟೆಯ ಗಂಟನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. “ಇದೆಂತ ಕಡಲು ಮಗ? ತೆರೆಯೇ ಇಲ್ಲ. ಎಸೆದ್ರೆ ಇಲ್ಲೇ ಬಿದ್ದಿರ್ತದೆ. ತಗೊಂಡು ಹೋಗುವ ಕಡಲು ಬೇಕು ಇದಕ್ಕೆ. ನಮ್ಮ ಮಲ್ಪೆಯದ್ದಾದ್ರೆ ಒಂದು ತೆರೆಗೆ ಆಯ್ತು.”

“ಅತ್ತೆ, ಅದು ಮಾಟ ಅಲ್ಲ. ಗ್ಯಾಲರಿಯದ್ದು. ಕೋಟಿನ ಗುಬ್ಬಿ ಅದು.”

ನಮ್ಮ ಕಡೆ ಗುಂಡಿಗೆ ಗುಬ್ಬಿ ಎನ್ನುತ್ತೇವೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

“ಮೂಳೆಯಲ್ಲಿ ಯಾರು ಗುಬ್ಬಿ ಮಾಡ್ತಾರೆ? ನಿನ್ನ ಶಾಲಿಗೆ ಕಟ್ಟಿದ ಹಾಗೆ ಕೂತಿತ್ತು, ಎಳೆದ್ರೂ ಬರ್ಲಿಲ್ಲ. ಇದೇ ಮಗ, ಇದೇ. ಇದಕ್ಕೇ ನಿನ್ನ ಹೊಟ್ಟೆಯಲ್ಲಿ ಎರಡೂ ನಿಲ್ಲದ್ದು. ಇದೊಂದು ಹೋದ್ರೆ ಎಲ್ಲ ಸರಿ ಆಗ್ತದೆ. ನನಗೆ ಬೆಳಿಗ್ಗೆಯಿಂದ ಎಷ್ಟು ಸಮಾಧಾನ ಗೊತ್ತುಂಟಾ?”

ಅವರ ಮುಖದಲ್ಲಿ ನಿಜವಾಗಿಯೂ ಸಮಾಧಾನವಿತ್ತು. ಎರಡು ವರ್ಷದಲ್ಲಿ ನಾನು ಆ ಮುಖ ನೋಡಿರಲಿಲ್ಲ. ಬುದ್ಧಿವಂತೆ ಎಂದು ನನ್ನ ಬಗ್ಗೆ ನನಗೇ ಇರುವ ಅಹಂಕಾರವೆಲ್ಲ ಆ ಕೆಸರಿನಲ್ಲಿ ಚಪ್ಪಲಿಯ ಜೊತೆ ಹೂತಿರಬೇಕು. ಎಸೆದುಬಿಡಲಿ, ಎಂದು ನನಗೂ ಅನಿಸಿತು. ಕೋಟು ಹಾಳಾಗಿ ಹೋಗಲಿ, ಕೆಲಸ ಹೋಗಲಿ. ಇನ್ನೂ ಸ್ವಲ್ಪ ಮುಂದೆ ಆಳ ಇದೆ ಅತ್ತೆ, ಬನ್ನಿ, ಇಬ್ಬರೂ ಸೇರಿ ಎಸೆಯೋಣ. ಬಾಯಿಯವರೆಗೆ ಬಂದಿತ್ತು ಆ ಮಾತು.

ಹಿಂದಿನಿಂದ ನೀರು ಕಲಕುವ ಸದ್ದಾಯಿತು. ಆ ಹಿರಿಯರು ಷೂ ಬಿಚ್ಚಿ, ಪಾದವನ್ನು ಚಪ್ಪಟೆಯಾಗಿ ಊರುತ್ತಾ, ಒಮ್ಮೆಯೂ ಜಾರದೆ ಬಂದಿದ್ದರು. ಏದುಸಿರು ಮಾತ್ರ ಇತ್ತು. ಅತ್ತೆ ಗಂಟನ್ನು ಎದೆಗೆ ಒತ್ತಿಕೊಂಡರು. ತಾಯಿಯ ಕಾಲದಿಂದ ಕೇಳುತ್ತಾ ಬಂದ ವಸ್ತು ಒಂದು ಕೈಯಳತೆಯಲ್ಲಿತ್ತು. ಆ ಹಿರಿಯರು ಕೈ ಚಾಚಲಿಲ್ಲ, ಕೊಡಿ ಎನ್ನಲಿಲ್ಲ.

“ಆ ಚುಕ್ಕೆ ಯಾಕೆ ಎಂದು ನಿಮ್ಮ ಅತ್ತೆಗೆ ಹೇಳು” ಎಂದರು ನನಗೆ. ಆಮೇಲೆ ತಮ್ಮ ಬೆರಳುಗಳನ್ನು ಮರದ ತುಂಡಿನ ಹಾಗೆ ಸೆಟೆಸಿ, ಕುತ್ತಿಗೆಯ ಹತ್ತಿರ ಇಲ್ಲದ ಕೋಟನ್ನು ಹಾಕಿಕೊಳ್ಳುವವರಂತೆ ಮಾಡಿದರು. ಬೆರಳು ಜಾರಿತು. ಇನ್ನೊಮ್ಮೆ ಜಾರಿತು. “ಚಳಿಗೆ ಬೆರಳು ಮರಗಟ್ಟಿದಾಗ ನುಣ್ಣಗಿನ ಮೂಳೆ ಹಿಡಿಯಲಿಕ್ಕೆ ಆಗುವುದಿಲ್ಲ. ಕತ್ತಲಲ್ಲಿ ಕಾಣುವುದೂ ಇಲ್ಲ. ಕೋಟು ಹಾಕಿಕೊಳ್ಳಲು ತಡವಾದರೆ ಸಾವು. ಅದಕ್ಕೆ ಒರಟು ಮಾಡಿ ಕೊಡುತ್ತಿದ್ದರು. ಮಂತ್ರ ಇಲ್ಲ, ಏನೂ ಇಲ್ಲ.”

ನಾನು ಒಂದೊಂದೇ ಮಾತನ್ನು ಅತ್ತೆಗೆ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಆ ಹೆಂಗಸಿನ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಗಂಟು ಬಿಚ್ಚಿದರು. ಅರಶಿನ ಕುಂಕುಮ ಮೆತ್ತಿದ ಮೂಳೆಯ ಮೇಲೆ, ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸಿದರು. ಅವರ ಕ್ರೋಶಾ ಕಡ್ಡಿಯ ನಡುವೆಯೂ ಅಂಥದೇ ಒಂದು ಒರಟು ಜಾಗವಿದೆ, ಬೆವರಿದ ಬೆರಳಿಗೆ ಹಿಡಿತ ಸಿಗಲೆಂದು. ಹೆಬ್ಬೆರಳು ಮೂಳೆಯ ಮೇಲೆ ಹೋಗಿ ಬಂದು ಒಂದು ಕಡೆ ನಿಂತಿತು.

ಅತ್ತೆಯ ಮುಖದ ಸಮಾಧಾನ ನನ್ನ ಕಣ್ಣೆದುರೇ ಇಳಿದುಹೋಯಿತು.

“ಹಾಗಾದ್ರೆ ಕಾರಣ ಎಂತದೂ ಇಲ್ವಾ ಮಗ?” ಎಂದರು.

ಏನು ಕೇಳುತ್ತಿದ್ದಾರೆ ಎಂದು ಆ ಹಿರಿಯರು ನನ್ನನ್ನು ಕೇಳಿದರು. ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂದು ಕೇಳುತ್ತಿದ್ದಾರೆ ಎಂದೆ. ಅವರು ನಂಬಲಿಲ್ಲ. ಅತ್ತೆ ಗುಂಡಿಯನ್ನು ಅವರ ಅಂಗೈಯಲ್ಲಿಟ್ಟು, ಖಾಲಿ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ಕಾಯದೆ ದಂಡೆಯ ಕಡೆ ಹೊರಟರು.

ಗುಂಡಿ ಸಿಕ್ಕಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಅದ್ಲಿಯಾಕ್ಕೆ ವಾಪಸ್ ಬಂದು ದೀಪದ ಕೆಳಗೆ ಹಿಡಿದರೆ, ಚುಕ್ಕೆಗಳ ಒಳಗೆಲ್ಲ ಕುಂಕುಮ. ಒಣ ಬ್ರಷ್ಷಿನಿಂದ ಮೆಲ್ಲಗೆ ತೆಗೆದೆ. ಅರಶಿನ ಬಹಳ ಮಟ್ಟಿಗೆ ಹೋಯಿತು. ಕೆಂಪು ಪೂರ್ತಿ ಹೋಗಲಿಲ್ಲ. ಇನ್ನೂ ಉಜ್ಜಿದರೆ ಮೂಳೆ ಸವೆಯುತ್ತಿತ್ತು. ಸಂಜೆ ಮ್ಯೂಸಿಯಂನ ಪ್ರತಿನಿಧಿ ಬಂದರು. ಪ್ರಯಾಣದಿಂದ ಬಳಲಿದ್ದ ಒಬ್ಬ ಹೆಂಗಸು, ಆದರೆ ಕಣ್ಣು ಚುರುಕು. ಭೂತಗನ್ನಡಿ ಹಿಡಿದು ಒಂದೊಂದೇ ನೋಡುತ್ತಾ ಬಂದು ಅದರ ಮೇಲೆ ನಿಂತರು.

“ಇದೇನು ಕೆಂಪು?”

ಒಡತಿ ಹೇಳಿದ ಹಾಗೆಯೇ ಮಾಡಿದರು. ನಡೆದದ್ದನ್ನೆಲ್ಲ, ಶಾಲು, ಕಡಲು, ಲಿಂಬೆಯನ್ನೂ ಬಿಡದೆ, ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಕಾಲಿನ ಉಗುರುಗಳಲ್ಲಿ ಇನ್ನೂ ಸಿತ್ರಾದ ಕೆಸರಿತ್ತು.

ಆಗ ಆ ಹಿರಿಯರು ಎದ್ದು ನಿಂತರು. “ಗುಂಡಿ ಒಡೆದಿಲ್ಲ. ಆ ಬಣ್ಣ ಇರಲಿ ಎಂದು ನಾವು ಒಪ್ಪಿದ್ದೇವೆ. ಹಾಗೆಂದು ಬರೆದುಕೊಳ್ಳಿ” ಎಂದರು. ವಕೀಲರ ದನಿ ಅದು. ಪ್ರತಿನಿಧಿ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದರು. ಗಾಜಿನಾಚೆ ಅವರು ಮಾತಾಡುತ್ತಾ ಆಚೀಚೆ ನಡೆಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಳಗೆ ನಾವು ಮೂವರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏಸಿಯ ಚಳಿ ಮೈ ಕೊರೆಯುತ್ತಿತ್ತು, ಹೊದೆಯಲು ಶಾಲು ಇರಲಿಲ್ಲ.

ಒಳಗೆ ಬಂದು ಅವರು ಹೇಳಿದ್ದು ಇಷ್ಟೆ: ಒಪ್ಪಂದ ಹಾಗೆಯೇ ಇರುತ್ತದೆ. ಕೋಟು ಊರಿಗೆ ಹೋಗುತ್ತದೆ.

ಆ ಹಿರಿಯರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು, ಗ್ಲೌಸು ಹಾಕಿ, ಆ ಕೆಂಪು ಚುಕ್ಕೆಯ ಗುಂಡಿಯನ್ನೇ ಮೊದಲು ಎತ್ತಿಕೊಂಡು ಕೋಟಿಗೆ ಕಟ್ಟಿದರು. ಕುಣಿಕೆಗೆ ತೂರಿಸಿದರು. ಅದು ಅಡ್ಡ ತಿರುಗಿ ಕುಳಿತಿತು. ನಾನು ಹೊರಡುವಾಗ ಬಾಗಿಲವರೆಗೆ ಕಳಿಸಲು ಬಂದು, “ಕಾರಿನ ವಿಷಯ ಅಲ್ಲ ಅವರು ಕೇಳಿದ್ದು” ಎಂದರು. ನಾನು ಅಲ್ಲ ಎಂದೆ.

ಮನೆಗೆ ಬಂದಾಗ ಗಂಡ ಪಾಳಿಗೆ ಹೋಗಿಯಾಗಿತ್ತು. ಅತ್ತೆ ದೀಪ ಹಾಕದೆ ಸೋಫಾದ ಮೇಲೆ ಕುಳಿತಿದ್ದರು. ಮಡಿಲಲ್ಲಿ ಒಣಗಿದ ಶಾಲು. ನಾನು ಪಕ್ಕದಲ್ಲಿ ಕುಳಿತು, ಕೋಟು ಊರಿಗೆ ಹೋಗುತ್ತದಂತೆ ಎಂದೆ. ಒಳ್ಳೆಯದಾಯಿತು ಎಂದರು. ಶಾಲಿನ ಅಂಚಿನ ಒಂದು ಕುಣಿಕೆಯೊಳಗೆ ಬೆರಳು ತೂರಿಸಿ ತೆಗೆದು, ಮತ್ತೆ ತೂರಿಸಿ ತೆಗೆದು ಮಾಡುತ್ತಿದ್ದರು.

“ನಾನು ಕೇಳಿದ್ದಕ್ಕೆ ನೀನು ಹೇಳ್ಲಿಲ್ಲ.”

“ಇಲ್ಲ ಅತ್ತೆ. ಕಾರಣ ಎಂತದೂ ಇಲ್ಲ.”

ಅವರು ಕುಣಿಕೆಯಿಂದ ಬೆರಳು ತೆಗೆದು, ನನ್ನ ಕಡೆ ನೋಡದೆಯೇ ಹೇಳಿದರು, “ಎಸೆದಿದ್ರೆ ಒಂದು ವರ್ಷ ಆದ್ರೂ ಆಸೆ ಇರ್ತಿತ್ತು ಮಗ.”

“ನನಗೂ” ಎಂದೆ.

ಅವರು ಬೆಚ್ಚಿ ನನ್ನ ಮುಖ ನೋಡಿದರು. ಶಾಲನ್ನು ಬಿಡಿಸಿ ಅರ್ಧ ನನ್ನ ಹೆಗಲಿಗೆ, ಅರ್ಧ ತಮ್ಮ ಹೆಗಲಿಗೆ ಹಾಕಿಕೊಂಡರು. ಎರಡು ವರ್ಷದಲ್ಲಿ ನಾನು ಬಾತ್‌ರೂಮಿನ ನಲ್ಲಿ ತೆರೆದಿಟ್ಟು ಅತ್ತಿದ್ದೆ, ಅವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಅತ್ತಿದ್ದರು. ಒಟ್ಟಿಗೆ ಕುಳಿತು ಅತ್ತದ್ದು ಆ ರಾತ್ರಿಯೇ ಮೊದಲು.